ಮುಖ್ಯಾಂಶಗಳು: ಕ್ರಿಪ್ಟೋಸ್ ಆಲ್ಬಂಗಳು, ಏಳರಿಂದ ಒಂದಕ್ಕೆ

ಇಸವಿ, ಊರು, ಕಂಪನಿ, ಹಾಡಿನ ಹೆಸರು ಯಾರು ಬರೆದರೂ ಒಂದೇ. ಸ್ಥಾನಪಟ್ಟಿ ಹಾಗಲ್ಲ, ಅದು ಕೇಳುಗನ ತೀರ್ಮಾನ. ಈ ಟಿಪ್ಪಣಿಯಲ್ಲಿ ಎರಡೂ ಇವೆ. ಕ್ವಿಜ್‌ಗೆ ಓದುತ್ತಿರುವವರು ಮೊದಲನೆಯದನ್ನು ಬಾಯಿಪಾಠ ಮಾಡಿಕೊಳ್ಳಿ. ಎರಡನೆಯದನ್ನು ಆಲ್ಬಂ ಕೇಳಿಯೇ ಒಪ್ಪಬೇಕು ಅಥವಾ ತಿರಸ್ಕರಿಸಬೇಕು.

ತಂಡ: ಒಂದೇ ನೋಟದಲ್ಲಿ

• ಹೆಸರು ಕ್ರಿಪ್ಟೋಸ್. ಊರು ಬೆಂಗಳೂರು. ಹುಟ್ಟಿದ್ದು 1998.
• ಸ್ಥಾಪಕರು: ನೋಲನ್ ಲೂಯಿಸ್, ಗಣೇಶ್ ಕೃಷ್ಣಸ್ವಾಮಿ. ನೋಲನ್ ತಂಡದ ಗಾಯಕ ಮತ್ತು ಗಿಟಾರ್ ವಾದಕ. ಅವರ ಜೊತೆಗೆ ಎರಡನೇ ಗಿಟಾರ್ ಹಿಡಿದವರು ರೋಹಿತ್ ಚತುರ್ವೇದಿ.
• ಗಣೇಶ್ ಕೃಷ್ಣಸ್ವಾಮಿ ಬೆಂಗಳೂರಿನದೇ ಇನ್ನೊಂದು ತಂಡವಾದ 'ಬೆವರ್ ಸೀ'ಯ ಗಾಯಕರೂ ಹೌದು. ನಿಧಾನಗತಿಯ, ಭಾರವಾದ ಡೂಮ್ ಶೈಲಿಯ ಈ ತಂಡದ ಮೊದಲ ಆಲ್ಬಂ ಬಂದದ್ದು 2012ರಲ್ಲಿ.
• ಶೈಲಿ: ಸಾಂಪ್ರದಾಯಿಕ ಹೆವಿ ಮೆಟಲ್. ಗಿಟಾರ್‌ಗಳು ಐರನ್ ಮೇಡನ್, ಜೂಡಾಸ್ ಪ್ರೀಸ್ಟ್ ಕಡೆಯವು. ಕಂಠ ಮಾತ್ರ ಥ್ರಾಶ್ ಕಡೆಯದು, ಒರಟು, ಗೊಗ್ಗರು. ಇನಿದಾದ ಜೋಡಿ ಗಿಟಾರ್, ಅದರ ಮೇಲೆ ಕೆರೆಯುವ ದನಿ. ಮೂರು ಹಾಡು ಕೇಳಿದರೆ ಸಾಕು, ನಾಲ್ಕನೆಯದು ಇವರದೇ ಎಂದು ಗುರುತಿಸಬಹುದು.
• ಯುರೋಪ್ ಪ್ರವಾಸ: 2010. ಭಾರತದ ಮೆಟಲ್ ತಂಡವೊಂದು ಯುರೋಪಿನಲ್ಲಿ ಪ್ರವಾಸ ಮಾಡಿದ್ದು ಅದೇ ಮೊದಲು ಎಂದು ದಾಖಲಾಗಿದೆ.
• ಜರ್ಮನಿಯ ವಾಕೆನ್ ಓಪನ್ ಏರ್ ಉತ್ಸವ: 2013 ಮತ್ತು 2017. ವಾಕೆನ್ ಎನ್ನುವುದು ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಒಂದು ಹಳ್ಳಿ. ಉತ್ಸವ 1990ರಿಂದ ನಡೆಯುತ್ತಿದೆ.

ಆಲ್ಬಂ ಮತ್ತು ಇಸವಿ (ಬಾಯಿಪಾಠಕ್ಕೆ)

ಸ್ಪೈರಲ್ ಅಸೆಂಟ್ 2004
ದಿ ಆರ್ಕ್ ಆಫ್ ಜೆಮಿನಿ 2008
ದಿ ಕಾಯಿಲ್ಸ್ ಆಫ್ ಅಪೋಲಿಯನ್ 2012
ಬರ್ನ್ ಅಪ್ ದ ನೈಟ್ 2016
ಆಫ್ಟರ್‌ಬರ್ನರ್ 2019
ಫೋರ್ಸ್ ಆಫ್ ಡೇಂಜರ್ 2021
ಡೆಸಿಮೇಟರ್ 2024

ಮೊದಲ ನಾಲ್ಕರ ನಡುವೆ ನಾಲ್ಕು ನಾಲ್ಕು ವರ್ಷದ ಅಂತರವಿದೆ. ಆಮೇಲೆ ಮೂರು, ಎರಡು, ಮೂರು. ಇಷ್ಟು ನೆನಪಿದ್ದರೆ ಇಸವಿ ತಪ್ಪುವುದಿಲ್ಲ.

ಇಂಡಸ್ಟ್ರಿಯಲ್ ಮೆಟಲ್ ಎಂದರೇನು, ಕ್ರಿಪ್ಟೋಸ್ ಅದಲ್ಲವೇಕೆ

ಬೆಂಗಳೂರಿನ ಮೆಟಲ್ ಬಗ್ಗೆ ಬರೆಯುವಾಗ ಎಲ್ಲ ಗದ್ದಲದ ಸಂಗೀತಕ್ಕೂ ಇಂಡಸ್ಟ್ರಿಯಲ್ ಎಂಬ ಹಣೆಪಟ್ಟಿ ಅಂಟಿಸುವವರಿದ್ದಾರೆ. ವ್ಯತ್ಯಾಸ ತಿಳಿದಿರಬೇಕು.

• ಇಂಡಸ್ಟ್ರಿಯಲ್ ಸಂಗೀತದ ಹೆಸರು ಬಂದದ್ದು ಬ್ರಿಟನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ಆರಂಭಿಸಿದ 'ಇಂಡಸ್ಟ್ರಿಯಲ್ ರೆಕಾರ್ಡ್ಸ್' ಕಂಪನಿಯಿಂದ.
• 1980ರಲ್ಲಿ ಬರ್ಲಿನ್‌ನ ಐನ್‌ಸ್ಟುರ್ಟ್ಸೆಂಡೆ ನಾಯ್‌ಬೌಟನ್ ತಂಡ ಗುಜರಿ ಕಬ್ಬಿಣ, ಡ್ರಿಲ್ ಯಂತ್ರಗಳನ್ನೇ ವಾದ್ಯ ಮಾಡಿಕೊಂಡಿತು.
• ಇದಕ್ಕೆ ಮೆಟಲ್ ಗಿಟಾರ್ ಸೇರಿದ್ದು 1980ರ ದಶಕದ ಕೊನೆಯಲ್ಲಿ. ಬರ್ಮಿಂಗ್‌ಹ್ಯಾಮ್‌ನ ಗಾಡ್‌ಫ್ಲೆಶ್ ತಂಡದ 'ಸ್ಟ್ರೀಟ್‌ಕ್ಲೀನರ್' (1989), ಶಿಕಾಗೋದ ಮಿನಿಸ್ಟ್ರಿ ತಂಡದ 'ಸಾಮ್ 69' (1992), ಲಾಸ್ ಏಂಜಲೀಸ್‌ನ ಫಿಯರ್ ಫ್ಯಾಕ್ಟರಿ ತಂಡದ 'ಡಿಮ್ಯಾನ್ಯುಫ್ಯಾಕ್ಚರ್' (1995) ಇದರ ಮೈಲಿಗಲ್ಲುಗಳು.
• ನೈನ್ ಇಂಚ್ ನೇಲ್ಸ್ ತಂಡದ 'ವಿಶ್' ಹಾಡಿಗೆ 1993ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಬಂತು.
• ರಾಮ್‌ಸ್ಟೈನ್: ಬರ್ಲಿನ್, 1994. ಆಲ್ಬಂಗಳು ಎಂಟು. ಹಾಡುಗಳು ಬಹುಪಾಲು ಜರ್ಮನ್ ಭಾಷೆಯಲ್ಲಿ.

ಲಕ್ಷಣ ಇಷ್ಟು: ಡ್ರಮ್ ಮೆಷಿನ್, ಸ್ಯಾಂಪ್ಲರ್, ಸಿಂಥಸೈಜರ್, ಒಂದೇ ರಿಫ್‌ನ (ಗಿಟಾರಿನ ಮರುಕಳಿಸುವ ತುಣುಕಿನ) ಪಟ್ಟುಬಿಡದ ಪುನರಾವರ್ತನೆ. ಮನುಷ್ಯ ಯಂತ್ರದ ಲಯಕ್ಕೆ ಸಿಕ್ಕಿ ನಲುಗುವ ಅನುಭವ ಅದರಲ್ಲಿದೆ. ಕ್ರಿಪ್ಟೋಸ್‌ನಲ್ಲಿ ಇದ್ಯಾವುದೂ ಇಲ್ಲ. ಆದರೆ ಯಂತ್ರ ಇದೆ. 2016ರ ನಂತರದ ಹಾಡುಗಳಲ್ಲಿ ಅದು ಎಂಜಿನ್ ಆಗಿ, ಉಕ್ಕಾಗಿ, ಯುದ್ಧವಿಮಾನವಾಗಿ ಬರುತ್ತದೆ. ಇಲ್ಲಿ ಯಂತ್ರ ಮನುಷ್ಯನನ್ನು ಅರೆಯುವುದಿಲ್ಲ, ಹೊತ್ತು ಓಡುತ್ತದೆ. ಈ ತಂಡದ ಆಲ್ಬಂಗಳನ್ನು ಸಾಲಾಗಿ ಕೇಳಿದವರಿಗೆ ಮುಖ್ಯವಾಗಿ ದಕ್ಕುವುದು ಇದೇ: ಪುರಾಣದಿಂದ ಹೊರಟು ವೇಗಕ್ಕೆ ಬಂದು ಮುಟ್ಟಿದ ದಾರಿ.

ಉತ್ತರ ಬೆಂಗಳೂರು: ಕಬ್ಬಿಣವೂ ವೇದಿಕೆಯೂ

ಮೆಟಲ್ ಸಂಗೀತದ ತವರು ಬರ್ಮಿಂಗ್‌ಹ್ಯಾಮ್ ಒಂದು ಕಾರ್ಖಾನೆ ಊರು. ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಎಡಗೈ ವಾದಕರಾದ ಅವರಿಗೆ ತಂತಿ ಒತ್ತುವ ಕೈ ಅದೇ. ಬೆರಳಿಗೆ ತೊಡಿಸಿದ ಟೊಪ್ಪಿಗೆ, ಸಡಿಲ ತಂತಿ, ಇಳಿಸಿದ ಶ್ರುತಿ: ಮೆಟಲ್‌ನ ಭಾರವಾದ ನಾದ ಬಂದದ್ದು ಅಲ್ಲಿಂದ.

ಕ್ರಿಪ್ಟೋಸ್‌ನ ಊರಾದ ನಮ್ಮ ಬೆಂಗಳೂರಿನ ಉತ್ತರ ಭಾಗಕ್ಕೂ ಕಬ್ಬಿಣದ ನಂಟು ಕಡಿಮೆಯಿಲ್ಲ.

• ಯಶವಂತಪುರ: ಕೈಗಾರಿಕಾ ಉಪನಗರ ಎಂದೇ ಬೆಳೆದ ಪ್ರದೇಶ. ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ (1953), ಭಾರತ್ ಎಲೆಕ್ಟ್ರಾನಿಕ್ಸ್ (1954). ಆಚೆಗೆ ಪೀಣ್ಯ.
• ಯಲಹಂಕ: ರೈಲು ಗಾಲಿ ಕಾರ್ಖಾನೆ, 1984ರಿಂದ. ಭಾರತೀಯ ರೈಲ್ವೆಯದು. ಗಾಲಿ ಮತ್ತು ಅಚ್ಚುಗಳ ತಯಾರಿಕೆ.
• ಯಲಹಂಕ ವಾಯುನೆಲೆ: 1996ರಿಂದ ಏರೋ ಇಂಡಿಯಾ ಪ್ರದರ್ಶನ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ.

ವೇದಿಕೆಗಳ ವಿಷಯದಲ್ಲಿ ಈ ದಿಕ್ಕಿನ ಹೆಗ್ಗಳಿಕೆ ಇನ್ನೂ ದೊಡ್ಡದು. ಸಣ್ಣ ಪಬ್ ಕಛೇರಿಗಳು ನಗರದ ನಡುಭಾಗದಲ್ಲಿ, ಪೂರ್ವದಲ್ಲಿ ನಡೆದವು. ಸಾವಿರಾರು ಜನ ಸೇರುವ ಮೆಟಲ್ ಕಛೇರಿಗಳಿಗೆ ಜಾಗ ಕೊಟ್ಟದ್ದು ಬಳ್ಳಾರಿ ರಸ್ತೆಯ ಆಸುಪಾಸು.

• ಅರಮನೆ ಮೈದಾನ (ಮೇಖ್ರಿ ವೃತ್ತದ ಬಳಿ, ಆರ್.ಟಿ. ನಗರ, ಹೆಬ್ಬಾಳದ ಹುಡುಗರಿಗೆ ನಡೆದು ಹೋಗುವ ಇಲ್ಲವೇ ಒಂದೇ ಬಸ್ಸಿನ ದೂರ): ಐರನ್ ಮೇಡನ್ 2007ರ ಮಾರ್ಚ್ 17, ಮೆಗಾಡೆತ್ ಮತ್ತು ಮಷೀನ್ ಹೆಡ್ 2008ರ ಮಾರ್ಚ್, ಐರನ್ ಮೇಡನ್ ಮತ್ತೆ 2009ರ ಫೆಬ್ರುವರಿ, ಲ್ಯಾಂಬ್ ಆಫ್ ಗಾಡ್ 2010ರ ಮೇ, ಮೆಟಾಲಿಕಾ 2011ರ ಅಕ್ಟೋಬರ್ 30.
• ಮೆಟಾಲಿಕಾದ ಪ್ರಶ್ನೆ ಬಂದರೆ ಗಮನಿಸಿ: ಅದಕ್ಕೆ ಎರಡು ದಿನ ಮುಂಚೆ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಛೇರಿ ರದ್ದಾಯಿತು. ಹಾಗಾಗಿ ಭಾರತದಲ್ಲಿ ಅವರ ಮೊದಲ ಕಛೇರಿ ಬೆಂಗಳೂರಿನದು.
• ಥಣಿಸಂದ್ರ ಮುಖ್ಯರಸ್ತೆಯ ಭಾರತೀಯ ಸಿಟಿ: ಸ್ಲೇಯರ್ 2012ರ ಅಕ್ಟೋಬರ್, ಗನ್ಸ್ ಎನ್ ರೋಸಸ್ 2012ರ ಡಿಸೆಂಬರ್.
• ಬೆಂಗಳೂರು ಓಪನ್ ಏರ್: 2012ರಿಂದ ನಡೆಯುತ್ತಿರುವ ಮೆಟಲ್ ಉತ್ಸವ. ಮೊದಲ ವರ್ಷದ ಮುಖ್ಯ ತಂಡ ಜರ್ಮನಿಯ ಕ್ರಿಯೇಟರ್. ಯಲಹಂಕದ ರಾಯಲ್ ಆರ್ಕಿಡ್ ರೆಸಾರ್ಟ್ ಇದಕ್ಕೆ ಹಲವು ಸಲ ತಾಣವಾಗಿದೆ.

ಗಾಲಿ ಎರಕ ಹೊಯ್ಯುವ ಊರಿನಲ್ಲೇ ಮೆಟಲ್ ಉತ್ಸವವೂ ನಡೆದದ್ದು ಕಾಕತಾಳೀಯ ಇರಬಹುದು. ಆದರೂ ಯಲಹಂಕದವರಿಗೆ ಇದು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿ ಎಂದು ನಾನು ನಂಬುತ್ತೇನೆ.

ಸ್ಥಾನಪಟ್ಟಿಯ ಅಳತೆಗೋಲು

ಮೂರು ಪ್ರಶ್ನೆ. ರಿಫ್ ಹಾಡನ್ನು ಕೊನೆಯವರೆಗೆ ಹೊತ್ತು ಸಾಗುತ್ತದೆಯೇ? ಆಲ್ಬಂ ಮುಗಿದ ಮೇಲೂ ತಲೆಯಲ್ಲಿ ಏನಾದರೂ ಗುನುಗುತ್ತದೆಯೇ? ಈ ಆಲ್ಬಂ ಬರದೇ ಹೋಗಿದ್ದರೆ ತಂಡದ ಹಾದಿ ಬೇರೆಯಾಗುತ್ತಿತ್ತೇ? ಧ್ವನಿಮುದ್ರಣದ ಹೊಳಪಿಗೆ ಅಂಕ ಕೊಟ್ಟಿಲ್ಲ. ಆರಂಭದ ದಿನಗಳಲ್ಲಿ ನಮ್ಮ ತಂಡಗಳಿಗೆ ಸಿಗುತ್ತಿದ್ದ ಸ್ಟುಡಿಯೋ, ದುಡ್ಡು, ಸಮಯ ಯುರೋಪಿನ ತಂಡಗಳಿಗೆ ಸಿಗುತ್ತಿದ್ದಷ್ಟು ಇರಲಿಲ್ಲ. ಹೊಳಪನ್ನು ಅಳೆದರೆ ಬಡತನವನ್ನು ಅಳೆದಂತಾಗುತ್ತದೆ.

7. ಸ್ಪೈರಲ್ ಅಸೆಂಟ್ (2004)

ಮೊದಲ ಆಲ್ಬಂ. ತಂಡ ಹುಟ್ಟಿ ಆರು ವರ್ಷದ ಮೇಲೆ ಬಂತು. ಆಗ ಇಲ್ಲಿ ಸ್ವಂತ ಹಾಡು ಬರೆಯುವ ಮೆಟಲ್ ತಂಡಗಳು ವಿರಳ. ಕಾಲೇಜು ಉತ್ಸವಗಳಲ್ಲಿ ಪರದೇಶದ ತಂಡಗಳ ಹಾಡುಗಳನ್ನೇ ನುಡಿಸಿ ಚಪ್ಪಾಳೆ ಗಿಟ್ಟಿಸುವುದು ವಾಡಿಕೆ. ಅಂಥಲ್ಲಿ ಪೂರ್ತಿ ಆಲ್ಬಂ ತಂದದ್ದೇ ಗಟ್ಟಿತನ. ಹಾಗಿದ್ದೂ ಇದನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಒಂದೊಂದು ಹಾಡಿನಲ್ಲೂ ಮೂರು ಹಾಡಿಗಾಗುವಷ್ಟು ವಿಚಾರಗಳಿವೆ. ಒಂದು ರಿಫ್ ನೆಲೆಯೂರುವ ಮೊದಲೇ ಮತ್ತೊಂದು ಬಂದು ಅದನ್ನು ತಳ್ಳುತ್ತದೆ. ಕ್ರಿಪ್ಟೋಸ್ ಮುಂದೆ ಕಲಿತ ದೊಡ್ಡ ಪಾಠ, ಹೆಚ್ಚಾದದ್ದನ್ನು ಬಿಡುವುದು. ಆ ಪಾಠ ಇಲ್ಲಿ ಇನ್ನೂ ಆಗಿಲ್ಲ.

6. ಡೆಸಿಮೇಟರ್ (2024)

• ಕಂಪನಿ: ಎಎಫ್‌ಎಂ ರೆಕಾರ್ಡ್ಸ್, ಜರ್ಮನಿ.
• ಕೇಳಬೇಕಾದ ಹಾಡು: 'ಸೈರನ್ಸ್ ಆಫ್ ಸ್ಟೀಲ್'.

ಕೈ ಪಳಗಿದವರ ಕೆಲಸ, ಎಲ್ಲೂ ಎಡವುವುದಿಲ್ಲ. ಆದರೆ ಇದು ತಿಳಿದ ದಾರಿ. ಮೂರನೇ ಪ್ರಶ್ನೆಗೆ ಇದರ ಬಳಿ ಉತ್ತರವಿಲ್ಲ.

5. ಫೋರ್ಸ್ ಆಫ್ ಡೇಂಜರ್ (2021)

• ಕಂಪನಿ: ಎಎಫ್‌ಎಂ.
• ಹಾಡುಗಳು: 'ಹಾಟ್ ವೈರ್ಡ್', 'ರೇಜಿಂಗ್ ಸ್ಟೀಲ್', 'ಡಾನ್‌ಬ್ರೇಕರ್', 'ಥಂಡರ್‌ಚೈಲ್ಡ್'.
• ಪೂರಕ ಮಾಹಿತಿ: ಎಚ್.ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದವರ ಯಂತ್ರಗಳಿಗೆ ಎದುರು ನಿಲ್ಲುವ ಯುದ್ಧನೌಕೆಯ ಹೆಸರು ಥಂಡರ್ ಚೈಲ್ಡ್.

ಕೊರೊನಾ ಕಾಲದಲ್ಲಿ ಬಂದ ಆಲ್ಬಂ. ಕಛೇರಿಗಳು ನಿಂತಿದ್ದಾಗ, ವೇದಿಕೆಗಾಗಿಯೇ ಬರೆದಂತಿರುವ ಈ ಹಾಡುಗಳು ಮನೆಯೊಳಗಿನ ಇಯರ್‌ಫೋನಿನಲ್ಲಿ ಬಿಡುಗಡೆಯಾದವು. ಉಕ್ಕು, ಎಂಜಿನ್, ತಂತಿ ಕಿತ್ತು ಹೊತ್ತಿಸಿದ ಕಾರು ಎಲ್ಲ ಇಲ್ಲಿವೆ. 'ಹಾಟ್ ವೈರ್ಡ್' ಈ ತಂಡದ ಚಿಕ್ಕ, ಚೊಕ್ಕ ಹಾಡುಗಳಲ್ಲೊಂದು. ಉಳಿದವು ಅದರಷ್ಟು ನಿಲ್ಲುವುದಿಲ್ಲ.

4. ದಿ ಆರ್ಕ್ ಆಫ್ ಜೆಮಿನಿ (2008)

• ಕಂಪನಿ: ಓಲ್ಡ್ ಸ್ಕೂಲ್ ಮೆಟಲ್ ರೆಕಾರ್ಡ್ಸ್, ಅಮೆರಿಕ. ವಿದೇಶಿ ಕಂಪನಿಯ ಮೂಲಕ ಬಂದ ಆಲ್ಬಂ ಎಂಬುದು ಪರೀಕ್ಷೆಯ ದೃಷ್ಟಿಯಿಂದ ಮುಖ್ಯ.
• ಹಾಡುಗಳು: 'ಟವರ್ ಆಫ್ ಇಲ್ಯೂಶನ್ಸ್', 'ಸ್ಫಿಯರ್ VII', 'ಹೆರಿಟಿಕ್ ಸುಪ್ರೀಮ್', 'ಆರ್ಡರ್ ಆಫ್ ದ ಡಿಎನ್‌ಎ'.
• ಜೆಮಿನಿ ಎಂದರೆ ಮಿಥುನ ರಾಶಿ.

ಹೊಸ ಆಲ್ಬಂಗಳನ್ನು ಕೇಳಿ ಇಲ್ಲಿಗೆ ಬರುವವರು ಬೇರೆ ತಂಡ ಇದು ಎಂದುಕೊಳ್ಳುವುದುಂಟು. ಹಾಡುಗಳು ಸುತ್ತಿ ಬಳಸಿ ಹೋಗುತ್ತವೆ, ತಾಳ ಬದಲಾಗುತ್ತದೆ, ವಿಷಯ ಗ್ರಹಗತಿ, ಪಾಷಂಡಿಗಳು, ವಿಜ್ಞಾನ ಕಲ್ಪನೆ. 'ಸ್ಪೈರಲ್ ಅಸೆಂಟ್' ತುಂಬಿಕೊಂಡು ತತ್ತರಿಸಿದಲ್ಲಿ ಇದು ಜೋಡಿಸಿಕೊಂಡು ನಿಲ್ಲುತ್ತದೆ. 'ಆರ್ಡರ್ ಆಫ್ ದ ಡಿಎನ್‌ಎ' ಕೇಳಿ: ಗಿಟಾರ್‌ಗಳೆರಡೂ ಒಂದರ ಹಿಂದೊಂದು ಮೆಟ್ಟಿಲೇರುತ್ತವೆ. ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದು ಹೋದ ಮರುವರ್ಷವೇ ಈ ಆಲ್ಬಂ ಬಂತು. ಆ ಸಂಜೆ ಮೈದಾನದಲ್ಲಿದ್ದ ಪೀಳಿಗೆಗೆ ತಮ್ಮೂರಿನ ತಂಡವೂ ಇಂಥ ಜೋಡಿ ಗಿಟಾರ್ ನುಡಿಸಬಲ್ಲದು ಎಂದು ತೋರಿಸಿದ ಆಲ್ಬಂ ಇದು. ಇದಕ್ಕಿಂತ ಮೇಲಿನ ಸ್ಥಾನ ಕೊಡಲು ಮನಸ್ಸಿತ್ತು. ಆದರೆ ನಡುಭಾಗದ ಒಂದೆರಡು ಹಾಡು ಎರಡನೇ ಪ್ರಶ್ನೆಯಲ್ಲಿ ಸೋಲುತ್ತವೆ.

3. ಬರ್ನ್ ಅಪ್ ದ ನೈಟ್ (2016)

• ಕಂಪನಿ: ಎಎಫ್‌ಎಂ.
• ಹಾಡುಗಳು: 'ಬ್ಲ್ಯಾಕ್‌ಸ್ಟಾರ್ ಹೊರೈಜನ್', 'ಫುಲ್ ಥ್ರಾಟಲ್', 'ಒನ್ ಫುಟ್ ಇನ್ ದ ಗ್ರೇವ್'.

ತಿರುವು ಇಲ್ಲಿದೆ. ಪಾಷಂಡಿಗಳೂ ರಾಶಿಚಕ್ರವೂ ಹಿಂದೆ ಸರಿದು ರಾತ್ರಿ, ರಸ್ತೆ, ಪೆಟ್ರೋಲು ಮುಂದೆ ಬರುತ್ತವೆ. ಹಾಡುಗಳು ಮೊಟಕಾಗುತ್ತವೆ, ಪಲ್ಲವಿ ಜನ ಕೂಡಿ ಕೂಗುವಂತಾಗುತ್ತದೆ. 'ಫುಲ್ ಥ್ರಾಟಲ್' ಹೆಸರೇ ಇಡೀ ಆಲ್ಬಂನ ಧೋರಣೆ. ಹಳೆಯ ಅಭಿಮಾನಿಗಳಲ್ಲಿ ಕೆಲವರು ಇದನ್ನು ಸರಳೀಕರಣ ಎಂದು ಬೇಸರಪಟ್ಟರು. ನಾನು ಹಾಗೆ ನೋಡುವುದಿಲ್ಲ. ನಾಲ್ಕು ನಿಮಿಷದಲ್ಲಿ ಹೇಳಿ ಮುಗಿಸುವುದಕ್ಕೆ ಎಂಟು ನಿಮಿಷಕ್ಕಿಂತ ಹೆಚ್ಚು ಧೈರ್ಯ ಬೇಕು, ಅಡಗಲು ಜಾಗವಿರುವುದಿಲ್ಲ.

2. ಆಫ್ಟರ್‌ಬರ್ನರ್ (2019)

• ಕಂಪನಿ: ಎಎಫ್‌ಎಂ.
• ಹಾಡುಗಳು: 'ಕೋಲ್ಡ್ ಬ್ಲಡ್', 'ಡೆಡ್ ಆಫ್ ನೈಟ್', 'ರೆಡ್ ಡಾನ್', 'ಕ್ರಿಮ್ಸನ್ ಕ್ವೀನ್', 'ಮ್ಯಾಕ್ 4', ಶೀರ್ಷಿಕೆ ಹಾಡು.
• ಆಫ್ಟರ್‌ಬರ್ನರ್ ಎಂದರೆ: ಜೆಟ್ ಎಂಜಿನ್ನಿನಲ್ಲಿ ಟರ್ಬೈನ್ ದಾಟಿ ಬಂದ ಬಿಸಿ ಅನಿಲಕ್ಕೆ ಮತ್ತೆ ಇಂಧನ ಸಿಂಪಡಿಸಿ ಉರಿಸುವ ಭಾಗ. ನೂಕುಬಲ ಒಮ್ಮೆಗೇ ಏರುತ್ತದೆ, ಇಂಧನವೂ ಅಷ್ಟೇ ಬೇಗ ತೀರುತ್ತದೆ. ಹಾಗಾಗಿ ಮೇಲೇರುವಾಗ, ಕಾದಾಡುವಾಗ ಮಾತ್ರ ಬಳಕೆ.
• ತೇಜಸ್ ಮತ್ತು ಸುಖೋಯ್-30 ವಿಮಾನಗಳ ಎಂಜಿನ್‌ಗಳಲ್ಲಿ ಆಫ್ಟರ್‌ಬರ್ನರ್ ಇದೆ. ವಾಯುಪಡೆಯ ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡದ ಹಾಕ್ ವಿಮಾನಗಳಲ್ಲಿ ಇಲ್ಲ.
• ಮ್ಯಾಕ್ 1: ಶಬ್ದದ ವೇಗ. ಸಮುದ್ರಮಟ್ಟದಲ್ಲಿ ಗಂಟೆಗೆ ಸುಮಾರು 1,225 ಕಿ.ಮೀ. ಮ್ಯಾಕ್ 4 ಅದರ ನಾಲ್ಕರಷ್ಟು.

ಏರೋ ಇಂಡಿಯಾದ ದಿನಗಳಲ್ಲಿ ಯಲಹಂಕ, ಜಕ್ಕೂರು, ಹೆಬ್ಬಾಳದ ಮನೆಗಳ ಕಿಟಕಿ ಗಾಜು ನಡುಗುವುದನ್ನು ಬಲ್ಲವರಿಗೆ ಈ ಆಲ್ಬಂನ ಶಬ್ದ ಬಿಡಿಸಿ ಹೇಳಬೇಕಿಲ್ಲ. ಮೊದಲು ದೂರದ ಗುಡುಗು, ಆಮೇಲೆ ತಲೆಯ ಮೇಲೇ ಬಂದ ಸೀಳುದನಿ. 'ಮ್ಯಾಕ್ 4' ಅದನ್ನೇ ಎರಡು ಗಿಟಾರಿನಲ್ಲಿ ಮಾಡುತ್ತದೆ.

ಆದರೆ ವೇಗವೊಂದೇ ಇದರ ಗುಣವಲ್ಲ. 'ಡೆಡ್ ಆಫ್ ನೈಟ್' ನಡಿಗೆಯ ಲಯದಲ್ಲಿದೆ, 'ಕ್ರಿಮ್ಸನ್ ಕ್ವೀನ್'ನಲ್ಲಿ ರಾಗಭಾವ ಮುಂದಿದೆ. ಎಲ್ಲಿ ಇಂಧನ ಸುರಿಯಬೇಕು, ಎಲ್ಲಿ ಉಳಿಸಬೇಕು ಎಂಬ ಲೆಕ್ಕ ತಂಡಕ್ಕೆ ಸಿಕ್ಕಿದೆ. 'ಬರ್ನ್ ಅಪ್ ದ ನೈಟ್' ಶುರು ಮಾಡಿದ್ದನ್ನು ಇದು ಮುಗಿಸಿತು. ಕ್ರಿಪ್ಟೋಸ್ ಕೇಳಲು ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವ ಮೊದಲ ಆಲ್ಬಂ ಇದೇ, ಎರಡನೇ ಸ್ಥಾನದಲ್ಲಿದ್ದರೂ.

1. ದಿ ಕಾಯಿಲ್ಸ್ ಆಫ್ ಅಪೋಲಿಯನ್ (2012)

• ಕಂಪನಿ: ಎಎಫ್‌ಎಂ. ಮುಂದಿನ ಎಲ್ಲ ಆಲ್ಬಂಗಳೂ ಈ ಕಂಪನಿಯವೇ.
• ಹಾಡುಗಳು: 'ದಿ ಮಾಸ್ಕ್ ಆಫ್ ಅನುಬಿಸ್', 'ನೆಕ್ಸಸ್ ಲೀಜನ್', 'ಸ್ಪೆಲ್‌ಕ್ರಾಫ್ಟ್', 'ವಿಷನ್ಸ್ ಆಫ್ ಡಿಸ್', 'ದಿ ಐಲ್ ಆಫ್ ವಾಯ್ಸಸ್', ಶೀರ್ಷಿಕೆ ಹಾಡು.
• ಅಪೋಲಿಯನ್: ಬೈಬಲ್ಲಿನ ಪ್ರಕಟನೆ ಗ್ರಂಥದಲ್ಲಿ ಬರುವ ಪಾತಾಳದ ದೂತ.
• ಅನುಬಿಸ್: ಪ್ರಾಚೀನ ಈಜಿಪ್ಟಿನ ನರಿಮೊಗದ ದೇವತೆ, ಸತ್ತವರ ಕಾವಲುಗಾರ.
• ಡಿಸ್: ದಾಂತೆಯ ಕಾವ್ಯದಲ್ಲಿ ನರಕದೊಳಗಿನ ನಗರ.
• 'ದಿ ಐಲ್ ಆಫ್ ವಾಯ್ಸಸ್' ಎಂಬ ಹೆಸರಿನ ಕಥೆಯನ್ನು ಆರ್.ಎಲ್. ಸ್ಟೀವನ್‌ಸನ್ ಬರೆದಿದ್ದಾರೆ.

ಮೂರೂ ಪ್ರಶ್ನೆಗೆ ಪೂರ್ಣಾಂಕ ಪಡೆಯುವುದು ಇದೊಂದೇ. ಇದರ ಹಿಂದಿನ ಆಲ್ಬಂಗಳಲ್ಲಿ ಕಲ್ಪನೆ ಇತ್ತು, ಹಿಡಿತ ಸಾಲದಾಗಿತ್ತು. ಮುಂದಿನವುಗಳಲ್ಲಿ ಹಿಡಿತ ಇದೆ, ಆದರೆ ಆ ವಿಸ್ತಾರ ಇಲ್ಲ. ಇಲ್ಲಿ ಎರಡೂ ಒಂದೇ ಕಡೆ ಸೇರಿವೆ. 'ದಿ ಮಾಸ್ಕ್ ಆಫ್ ಅನುಬಿಸ್' ಶುರುವಾದ ಕ್ಷಣದಿಂದ ಒಂದೇ ರಿಫ್ ಬೆನ್ನೆಲುಬಾಗಿ ನಿಲ್ಲುತ್ತದೆ, ಉಳಿದದ್ದೆಲ್ಲ ಅದರ ಸುತ್ತ ಕಟ್ಟಿಕೊಳ್ಳುತ್ತದೆ. ನೋಲನ್ ಅವರ ಕಂಠ ಇಲ್ಲಿ ಕಥೆ ಹೇಳುವವನ ಕಂಠ: ಬೆದರಿಸುತ್ತದೆ, ಹಾಡಿನ ಸಾಲನ್ನು ನುಂಗುವುದಿಲ್ಲ. 'ನೆಕ್ಸಸ್ ಲೀಜನ್' ಕೇಳಿದರೆ ನಾಲ್ಕು ವರ್ಷದ ಮೇಲೆ ಬರಲಿದ್ದ 'ಫುಲ್ ಥ್ರಾಟಲ್'ನ ಬೀಜ ಕಾಣುತ್ತದೆ.

2010ರಲ್ಲಿ ಯುರೋಪಿನಲ್ಲಿ ಊರೂರು ಸುತ್ತಿ ಬಂದ ತಂಡದ ಆಲ್ಬಂ ಇದು. ರಾತ್ರಿಯಿಂದ ರಾತ್ರಿಗೆ ಅಪರಿಚಿತರ ಎದುರು ನುಡಿಸಿದವರ ಬಿಗಿ ಇದರ ಪ್ರತಿ ಹಾಡಿನಲ್ಲಿದೆ. ಬಂದ ಮರುವರ್ಷವೇ ವಾಕೆನ್. ಬೆಂಗಳೂರಿನ ಮೆಟಲ್ ತಂಡವೊಂದು ಜರ್ಮನ್ ಕಂಪನಿಯ ಜೊತೆ ಆಲ್ಬಂ ಮೇಲೆ ಆಲ್ಬಂ ತಂದು ಬಾಳಬಹುದು ಎಂಬುದಕ್ಕೆ ಅದಕ್ಕೂ ಮುಂಚೆ ಉದಾಹರಣೆ ಇರಲಿಲ್ಲ.

ತಪ್ಪಾಗುವ ಜಾಗಗಳು

• ಯುರೋಪ್ ಪ್ರವಾಸ 2010, ವಾಕೆನ್ 2013. ಇವೆರಡನ್ನು ಬೆರೆಸಬೇಡಿ.
• ಎಎಫ್‌ಎಂ ಜೊತೆಗಿನ ಮೊದಲ ಆಲ್ಬಂ 2012ರದು, 2016ರದಲ್ಲ. 2008ರ ಆಲ್ಬಂ ಅಮೆರಿಕದ ಕಂಪನಿಯದು.
• ವಾಕೆನ್ ಓಪನ್ ಏರ್ ಜರ್ಮನಿಯದು, ಬೆಂಗಳೂರು ಓಪನ್ ಏರ್ ನಮ್ಮದು.
• ಸ್ಲೇಯರ್ 2012ರಲ್ಲಿ ನುಡಿಸಿದ್ದು ಭಾರತೀಯ ಸಿಟಿಯಲ್ಲಿ, ಅರಮನೆ ಮೈದಾನದಲ್ಲಲ್ಲ.
• ಕ್ರಿಪ್ಟೋಸ್ ಹಾಡುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲೇ ಡೆತ್ ಮೆಟಲ್ ಹಾಡಿದ ಬೆಂಗಳೂರಿನ ತಂಡ ಯಾವುದು ಎಂಬ ಪ್ರಶ್ನೆಗೆ ಉತ್ತರ ಬೇರೆ: ದ್ವೇಷ. ಅವರ ಆಲ್ಬಂ 'ಸ್ತೂಪ', 2014.